ಎರಡನೆಯ ರೆಫರಿಯ ಮೇಜಿನಿಂದ

2018ರ ಜುಲೈನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಬ್ಬರು ಸಂಶೋಧಕರು ಆರ್ಕೈವ್ ಎಂಬ ಮುಕ್ತ ಜಾಲಭಂಡಾರಕ್ಕೆ ಒಂದು ಪ್ರಬಂಧ ಏರಿಸಿದರು. ಚಿನ್ನದೊಳಗೆ ಬೆಳ್ಳಿಯ ಅತಿಸೂಕ್ಷ್ಮ ಕಣಗಳನ್ನು ಹುದುಗಿಸಿದ ವಸ್ತುವೊಂದು 236 ಕೆಲ್ವಿನ್‌ನಲ್ಲಿ, ಅಂದರೆ ಮೈನಸ್ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ, ವಿದ್ಯುತ್ತಿಗೆ ಯಾವ ತಡೆಯನ್ನೂ ಒಡ್ಡುವುದಿಲ್ಲ ಎಂಬುದು ಅದರ ಸಾರ. ನಮಗೆ ಅದು ಕೊರೆಯುವ ಚಳಿ. ಹೀಗೆ ತಡೆಯೊಡ್ಡದ ವಸ್ತುಗಳ, ಅಂದರೆ ಸೂಪರ್‌ಕಂಡಕ್ಟರ್‌ಗಳ, ಲೋಕದಲ್ಲಿ ಕಡುಬೇಸಿಗೆ. ನಿಜವಾದರೆ ನೊಬೆಲ್ ಕಟ್ಟಿಟ್ಟ ಬುತ್ತಿ ಎಂದು ಕ್ಯಾಂಟೀನಿನಲ್ಲಿ ಕಾಫಿ ಆರುವವರೆಗೂ ಮಾತಾಡಿದವರಲ್ಲಿ ನಾನೂ ಒಬ್ಬಳು.

ಆಗಸ್ಟ್‌ನಲ್ಲಿ, ಆಗ ಅಮೆರಿಕದ ಎಂಐಟಿಯಲ್ಲಿದ್ದ ಬ್ರಯಾನ್ ಸ್ಕಿನ್ನರ್ ಎಂಬ ಭೌತವಿಜ್ಞಾನಿ ಆ ಪ್ರಬಂಧದ ಒಂದು ನಕ್ಷೆಯನ್ನು ಹಿಗ್ಗಿಸಿ ನೋಡಿದರು. ಬೇರೆ ಬೇರೆ ಕಾಂತಕ್ಷೇತ್ರಗಳಲ್ಲಿ ಅಳೆದ ಎರಡು ಸಾಲು ಚುಕ್ಕೆಗಳು ಅದರಲ್ಲಿದ್ದವು. ಯಾವ ಅಳತೆಯಲ್ಲೂ ಒಂದಿಷ್ಟು ನಡುಕ ಇದ್ದೇ ಇರುತ್ತದೆ, ಚುಕ್ಕೆಗಳು ತುಸು ಮೇಲೆ, ತುಸು ಕೆಳಗೆ ಬೀಳುತ್ತವೆ. ಈ ನಡುಕ ಪ್ರತಿಸಲವೂ ಬೇರೆಯಾಗಿರಬೇಕು. ಇಲ್ಲಿ ಎರಡೂ ಸಾಲುಗಳ ನಡುಕ ಒಂದೇ ತೆರನಾಗಿತ್ತು. ಇಬ್ಬರು ಬೇರೆ ಬೇರೆ ದಿನ ಬೇರೆ ಬೇರೆ ಆಟೋಗಳಲ್ಲಿ ಕುಳಿತು ಬರೆದ ಎರಡು ಪತ್ರಗಳಲ್ಲಿ ಪೆನ್ನು ಅದೇ ಅದೇ ಅಕ್ಷರಗಳ ಬಳಿ ಜಾರಿದ್ದರೆ ಹೇಗೋ ಹಾಗೆ. ಸ್ಕಿನ್ನರ್ ಯಾರನ್ನೂ ಕಳ್ಳ ಎನ್ನಲಿಲ್ಲ. ಇದು ಹೀಗಿದೆ, ಏಕೆಂದು ತಿಳಿಯುತ್ತಿಲ್ಲ ಎಂದು ಬರೆದರು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ತಂಡ ಹೆಚ್ಚಿನ ಲೇಖಕರು, ಹೆಚ್ಚಿನ ದತ್ತಾಂಶಗಳೊಡನೆ ಪರಿಷ್ಕೃತ ಪ್ರಬಂಧ ಹಾಕಿತು. ಆದರೂ ಸಾಮಾನ್ಯ ಒತ್ತಡದಲ್ಲಿ ಇಷ್ಟು ಹೆಚ್ಚಿನ ತಾಪಮಾನದ ಸೂಪರ್‌ಕಂಡಕ್ಟರ್ ಸಿಕ್ಕಿದೆ ಎಂಬುದನ್ನು ವಿಜ್ಞಾನಲೋಕ ಇನ್ನೂ ಒಪ್ಪಿಲ್ಲ.

ಸ್ಕಿನ್ನರ್ ಪ್ರಯೋಗಾಲಯಕ್ಕೆ ಬರಲಿಲ್ಲ, ಪ್ರಯೋಗವನ್ನು ಮತ್ತೆ ಮಾಡಲೂ ಇಲ್ಲ. ಎಲ್ಲರೂ ಫಲಿತಾಂಶ ನೋಡುತ್ತಿದ್ದಾಗ ಅವರು ನಡುಕ ನೋಡಿದರು. ತಜ್ಞರ ಕೆಲಸವನ್ನು ತಜ್ಞರು ಅಳೆಯುವುದು ಬಹುಮಟ್ಟಿಗೆ ಹೀಗೆ, ಹೊರಗಿನವರ ಕಣ್ಣು ಹೋಗದ ಕಡೆ ಕಣ್ಣು ಹಾಯಿಸಿ. ಪೀರ್ ರಿವ್ಯೂ, ಸಹತಜ್ಞರ ವಿಮರ್ಶೆ, ಸಮಾನಸ್ಕಂಧರ ಪರಿಶೀಲನೆ ಎಂದೆಲ್ಲ ಕರೆಯುವ ಈ ಕೆಲಸ ಸಾಮಾನ್ಯವಾಗಿ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ. ಆ ಸಲ ಬೀದಿಯಲ್ಲಿ ನಡೆಯಿತು, ಅಷ್ಟೇ ವ್ಯತ್ಯಾಸ.

ನಾನು ನೀರಿನ ರಸಾಯನಶಾಸ್ತ್ರದವಳು. ವರ್ಷಕ್ಕೆ ಏಳೆಂಟು ಪ್ರಬಂಧಗಳಿಗೆ ರೆಫರಿ, ಅಂದರೆ ಇಂಥ ವಿಮರ್ಶಕಿ, ಆಗುತ್ತೇನೆ. ರಾಜಾಜಿನಗರದ ನಮ್ಮ ಭಾವ ಚಿನ್ನಬೆಳ್ಳಿ ವ್ಯಾಪಾರದವರು. ಒಂದು ಪ್ರಬಂಧಕ್ಕೆ ಎಷ್ಟು ಕೊಡುತ್ತಾರೆ ಎಂದು ಒಮ್ಮೆ ಕೇಳಿದರು. ಏನೂ ಇಲ್ಲ ಎಂದೆ. ಹೆಸರಾದರೂ ಹಾಕುತ್ತಾರೋ? ಇಲ್ಲ. ಹಾಗಾದರೆ ಯಾಕಮ್ಮ ಎಂದರು. ನನ್ನ ಪ್ರಬಂಧವನ್ನೂ ಯಾರೋ ಹೀಗೇ ಬಿಟ್ಟಿಯಾಗಿ ಓದಿದ್ದಾರಲ್ಲ ಎಂಬ ಉತ್ತರ ಅವರಿಗೆ ಹಿಡಿಸಲಿಲ್ಲ. ಒರೆಗಲ್ಲಿಗೆ ಉಜ್ಜಿ ನೋಡುವುದಕ್ಕೂ ಅವರ ಬೀದಿಯಲ್ಲಿ ಕೂಲಿ ಇದೆ.

ಕ್ರಮ ಸರಳ. ಲೇಖಕರು ಪ್ರಬಂಧವನ್ನು ಪತ್ರಿಕೆಗೆ ಕಳುಹಿಸುತ್ತಾರೆ. ಸಂಪಾದಕರು ಮೊದಲು ಒಂದು ಜರಡಿ ಹಿಡಿಯುತ್ತಾರೆ. ಎಷ್ಟೋ ಪ್ರಬಂಧಗಳು ಅಲ್ಲಿಂದಲೇ ವಾಪಸು. ದಾಟಿದವು ಆ ವಿಷಯ ಬಲ್ಲ ಇಬ್ಬರು ಮೂವರ ಬಳಿಗೆ ಹೋಗುತ್ತವೆ. ಅವರ ವರದಿಗಳನ್ನು ಮುಂದಿಟ್ಟುಕೊಂಡು ಸಂಪಾದಕರು ಒಪ್ಪಿಗೆ, ಸಣ್ಣ ತಿದ್ದುಪಡಿ, ದೊಡ್ಡ ತಿದ್ದುಪಡಿ, ತಿರಸ್ಕಾರ ಇವುಗಳಲ್ಲಿ ಒಂದನ್ನು ಹೇಳುತ್ತಾರೆ. ತೀರ್ಪು ಸಂಪಾದಕರದು, ರೆಫರಿಯದು ಸಲಹೆ ಮಾತ್ರ. ಕೆಲವು ಪತ್ರಿಕೆಗಳಲ್ಲಿ ಲೇಖಕರು ಯಾರೆಂದು ರೆಫರಿಗೆ ಗೊತ್ತಿರುತ್ತದೆ, ರೆಫರಿ ಯಾರೆಂದು ಲೇಖಕರಿಗೆ ಗೊತ್ತಿರುವುದಿಲ್ಲ. ಕೆಲವೆಡೆ ಇಬ್ಬರ ಕಣ್ಣಿಗೂ ಬಟ್ಟೆ. ಈಚೆಗೆ ವರದಿಗಳನ್ನೇ ಪ್ರಬಂಧದ ಜೊತೆ ಅಚ್ಚು ಹಾಕುವ ಪತ್ರಿಕೆಗಳೂ ಇವೆ. ಎರಡನೆಯ ರೆಫರಿ ಎಂದರೆ ಸಂಶೋಧನಾ ವಿದ್ಯಾರ್ಥಿಗಳ ಬಾಯಲ್ಲಿ ಬೈಗುಳ. ಮೊದಲನೆಯವನು ಮೆಚ್ಚಿದ್ದನ್ನು ಕೆಡವಲೆಂದೇ ಹುಟ್ಟಿದವನು ಎಂದು ಅವರ ನಂಬಿಕೆ. ಆ ಪಟ್ಟದಲ್ಲಿ ನಾನು ಎಷ್ಟೋ ಸಲ ಕುಳಿತಿದ್ದೇನೆ.

ಒಂದು ಪ್ರಬಂಧವನ್ನು ಹತ್ತಿರದಿಂದ ತೋರಿಸುತ್ತೇನೆ. ಗೋಪ್ಯ ಕಾಪಾಡಬೇಕಾದ್ದರಿಂದ ಕೆರೆ, ಗಿಡ, ಅಂಕಿ ಎಲ್ಲವನ್ನೂ ಬದಲಿಸಿದ್ದೇನೆ. ತಪ್ಪಿನ ಸ್ವರೂಪವನ್ನು ಬದಲಿಸಿಲ್ಲ. ನಗರದ ಒಂದು ಕೆರೆಯಲ್ಲಿ ಗಿಡಗಳನ್ನು ನೆಟ್ಟ ತೇಲುದಡಗಳನ್ನು ಬಿಟ್ಟು ನೋಡಿದ್ದರು. ಒಳಚರಂಡಿಯ ನೀರು, ಬಟ್ಟೆ ತೊಳೆಯುವ ಪುಡಿ ಸೇರಿ ನಮ್ಮ ಕೆರೆಗಳಲ್ಲಿ ಫಾಸ್ಫೇಟ್ ತುಂಬಿಕೊಳ್ಳುತ್ತದೆ, ಅದನ್ನುಂಡು ಪಾಚಿ ಮತ್ತು ಜೊಂಡು ಬೆಳೆಯುತ್ತವೆ. ಗಿಡಗಳು ಫಾಸ್ಫೇಟ್ ಹೀರಿ ನೀರನ್ನು ತಿಳಿಗೊಳಿಸಿದವು, ಶೇಕಡಾ 60ರಷ್ಟು ಇಳಿಕೆ ಎಂದು ಸಾರಾಂಶ ಹೇಳುತ್ತಿತ್ತು. ಓದುತ್ತಲೇ ಖುಷಿಯಾಯಿತು. ಖುಷಿಯಾದಾಗಲೇ ಹುಷಾರಾಗಿರಬೇಕು ಎಂದು ಅನುಭವ ಕಲಿಸಿದೆ. ಅಂದಿನಿಂದ ಸಾರಾಂಶವನ್ನು ಕೊನೆಗೆ ಓದುತ್ತೇನೆ. ಮೊದಲು ಚಿತ್ರ ಮತ್ತು ಕೋಷ್ಟಕ, ಆಮೇಲೆ ವಿಧಾನ.

ಕೋಷ್ಟಕದಲ್ಲಿ ದಿನಾಂಕಗಳಿದ್ದವು. ಮೊದಲ ಮಾದರಿ ಏಪ್ರಿಲ್ ಕೊನೆಯಲ್ಲಿ, ಕೊನೆಯ ಮಾದರಿ ಸೆಪ್ಟೆಂಬರಿನಲ್ಲಿ. ಬೆಂಗಳೂರಿನಲ್ಲಿ ಬದುಕುವ ಯಾರಿಗೇ ಆಗಲಿ ಆ ಎರಡು ದಿನಾಂಕಗಳ ನಡುವೆ ಏನಾಗುತ್ತದೆ ಎಂದು ಗೊತ್ತು. ಮಳೆ ಬರುತ್ತದೆ. ಸಾರಿಗೆ ನೀರು ಹೊಯ್ದರೆ ಉಪ್ಪು ಕಡಿಮೆಯಾದಂತೆ ಅನಿಸುತ್ತದೆ, ಉಪ್ಪು ಎಲ್ಲಿಗೂ ಹೋಗಿರುವುದಿಲ್ಲ. ಗಿಡ ಹೀರಿದ್ದೆಷ್ಟು, ಮಳೆ ತೆಳುಮಾಡಿದ್ದೆಷ್ಟು? ಹೇಳಬೇಕಾದರೆ ಅದೇ ಕೆರೆಯಲ್ಲಿ ಗಿಡವಿಲ್ಲದ ಒಂದು ಭಾಗವನ್ನು ಬೇರ್ಪಡಿಸಿ ಜೊತೆಜೊತೆಗೇ ಅಳೆದಿರಬೇಕು. ಅಳೆದಿರಲಿಲ್ಲ.

ಎರಡನೆಯದು ಸೂಕ್ಷ್ಮ. ಪ್ರತಿ ಅಂಕಿಯ ಪಕ್ಕದಲ್ಲೂ ಮೂರು ಮಾದರಿಗಳ ಸರಾಸರಿ ಎಂದು ಬರೆದಿದ್ದರು, ಏರುಪೇರು ತೀರ ಕಡಿಮೆ. ಹೊಲಸು ಕೆರೆಯಲ್ಲಿ ಇಷ್ಟು ಅಚ್ಚುಕಟ್ಟು ಎಲ್ಲಿಂದ ಬಂತು? ವಿಧಾನದ ಭಾಗವನ್ನು ಮೂರು ಸಲ ಓದಿದ ಮೇಲೆ ಸಿಕ್ಕಿತು: ಒಂದೇ ಬಕೆಟ್ಟಿನಲ್ಲಿ ನೀರೆತ್ತಿ ಮೂರು ಬಾಟಲಿಗಳಿಗೆ ತುಂಬಿದ್ದರು. ಅದು ಮೂರು ಮಾದರಿಯಲ್ಲ, ಒಂದೇ ಮಾದರಿಯನ್ನು ಮೂರು ಸಲ ಅಳೆದದ್ದು. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಸುಕಿದರೆ ಸಾಕು, ನಿಜ. ಅಲ್ಲಿ ಪಾತ್ರೆ ಒಂದೇ, ಉರಿ ಒಂದೇ. ಕೆರೆ ಹಾಗಲ್ಲ. ರಾಜಕಾಲುವೆ ಬಂದು ಸೇರುವ ಮೂಲೆಯ ನೀರು ಬೇರೆ, ಕೋಡಿಯ ಬಳಿಯ ನೀರು ಬೇರೆ, ಬೆಳಗಿನ ನೀರು ಬೇರೆ, ಸಂಜೆಯದು ಬೇರೆ.

ಇನ್ನು ಬಾಟಲಿಯ ವಿಚಾರ. ಮಾಲಿಬ್ಡೇಟ್ ಬೆರೆಸಿದಾಗ ಮೂಡುವ ನೀಲಿ ಬಣ್ಣದ ಗಾಢತೆಯಿಂದ ಫಾಸ್ಫೇಟನ್ನು ಅಳೆಯುತ್ತಾರೆ. ಗಾಜಿನ ಸಾಮಾನನ್ನು ಸಾಮಾನ್ಯ ಸೋಪಿನ ಪುಡಿಯಲ್ಲಿ ತೊಳೆದಿದ್ದರೆ ಗಾಜಿಗೆ ಅಂಟಿದ ಫಾಸ್ಫೇಟೇ ನೀಲಿಯಾಗಿ ಕಾಣಿಸಿಕೊಳ್ಳಬಹುದು. ಆದ್ದರಿಂದ ಆಮ್ಲದಲ್ಲಿ ತೊಳೆಯುವುದು ರೂಢಿ. ಪ್ರಬಂಧದಲ್ಲಿ ‘ಸ್ವಚ್ಛವಾದ ಬಾಟಲಿ’ ಎಂದಷ್ಟೇ ಇತ್ತು. ಯಾರ ಲೆಕ್ಕದಲ್ಲಿ ಸ್ವಚ್ಛ ಎಂದು ಬರೆದು ಕೇಳಿದೆ. ಸಂಪಾದಕರಿಗೆ ಕಳುಹಿಸುವ ಮುನ್ನ ಆ ಸಾಲಿನ ಕೊಂಕನ್ನು ಅಳಿಸಿ, ಬಾಟಲಿಗಳನ್ನು ತೊಳೆದ ಕ್ರಮವನ್ನು ತಿಳಿಸಿ ಎಂದು ಮಾಡಿದೆ. ಪ್ರಬಂಧವನ್ನು ಎಷ್ಟು ಬೇಕಾದರೂ ಜಾಲಾಡಬಹುದು, ಬರೆದವರನ್ನಲ್ಲ. ಹೆಸರು ಮುಚ್ಚಿಕೊಂಡು ಬರೆಯುವವರಿಗೆ ಈ ಗೆರೆ ಬೇಗ ಮರೆಯುತ್ತದೆ.

ನಾನು ಕೊನೆಗೆ ಅಳೆದದ್ದು ಗಿಡ ಫಾಸ್ಫೇಟ್ ಹೀರುತ್ತದೆಯೇ ಎಂಬುದನ್ನಲ್ಲ, ಅದು ನನಗೆ ಗೊತ್ತಾಗುವ ದಾರಿಯೇ ಇಲ್ಲ. ಲೇಖಕರು ಹೇಳುತ್ತಿರುವ ಮಾತಿಗೂ ಅವರ ಕೈಯಲ್ಲಿರುವ ಸಾಕ್ಷ್ಯಕ್ಕೂ ನಡುವಿನ ಅಂತರವನ್ನು ಅಳೆದೆ. ಸುದ್ದಿಪತ್ರಿಕೆಗಳಲ್ಲಿ ‘ತಜ್ಞರು ಪರಿಶೀಲಿಸಿದ ಅಧ್ಯಯನ’ ಎಂಬುದನ್ನು ‘ಸಾಬೀತಾದ ಸತ್ಯ’ ಎಂದು ಓದುವವರು ಎಡವುವುದು ಇಲ್ಲೇ. ಹಾಲ್‌ಮಾರ್ಕ್ ಅಲ್ಲ ಇದು. ಬಲ್ಲವರು ಇಬ್ಬರು ಓದಿದರು, ಕಣ್ಣಿಗೆ ಬಿದ್ದ ಬಿರುಕುಗಳನ್ನು ತೋರಿಸಿದರು, ಅಷ್ಟೇ ಇದರ ಅರ್ಥ.

ಪ್ರತಿ ಕ್ಷೇತ್ರಕ್ಕೂ ಅದರದೇ ಒರೆಗಲ್ಲು ಇದೆ, ಅವುಗಳಲ್ಲಿ ಒಂದಕ್ಕೆ ನಮ್ಮವರ ಹೆಸರೇ ಇದೆ. ಮದರಾಸಿನಲ್ಲಿದ್ದಾಗ ಜಿ.ಎನ್. ರಾಮಚಂದ್ರನ್ ಸಂಗಡಿಗರೊಡನೆ 1963ರಲ್ಲಿ ಪ್ರಕಟಿಸಿದ ನಕ್ಷೆ ಅದು. ಮುಂದೆ ಅವರು ಬೆಂಗಳೂರಿಗೆ ಬಂದು ವಿಜ್ಞಾನ ಸಂಸ್ಥೆಯಲ್ಲಿ ಅಣುಜೈವಿಕ ಭೌತವಿಜ್ಞಾನದ ವಿಭಾಗ ಕಟ್ಟಿದರು. ಪ್ರೋಟೀನಿನ ಸರಪಳಿ ಪ್ರತಿ ಕೊಂಡಿಯಲ್ಲೂ ಎರಡು ಕೋನಗಳಲ್ಲಿ ತಿರುಗಬಲ್ಲದು, ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ ತಿರುಗಲು ಕೆಲವೇ ಕೋನಗಳಿಗೆ ಅನುಮತಿ. ಪ್ರೋಟೀನಿನ ರಚನೆ ಕಂಡುಹಿಡಿದೆವು ಎಂದು ಜಗತ್ತಿನ ಯಾವ ಮೂಲೆಯವರು ಬರೆದರೂ ರೆಫರಿ ಮೊದಲು ನೋಡುವ ಸಂಗತಿಗಳಲ್ಲಿ ರಾಮಚಂದ್ರನ್ ನಕ್ಷೆಯೂ ಒಂದು. ಚುಕ್ಕೆಗಳು ನಿಷಿದ್ಧ ಪ್ರದೇಶದಲ್ಲಿ ಚೆಲ್ಲಾಡಿದ್ದರೆ ಎಲ್ಲೋ ಎಡವಟ್ಟಾಗಿದೆ. ಹೀಗೆ ಗೆರೆ ಎಳೆದಂತೆ ಹೇಳುವ ಒರೆಗಲ್ಲು ಇರುವ ಕ್ಷೇತ್ರದವರನ್ನು ಕಂಡರೆ ಕೆರೆ ನೀರಿನವರಾದ ನಮಗೆ ಹೊಟ್ಟೆಕಿಚ್ಚು.

ಈ ಪದ್ಧತಿ ಅನಾದಿಯದು ಎಂಬ ಭಾವನೆ ಹಲವರಲ್ಲಿದೆ. ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆ 1665ರಲ್ಲಿ ಶುರುವಾದಾಗ ಸಂಪಾದಕ ಹೆನ್ರಿ ಓಲ್ಡನ್‌ಬರ್ಗ್ ತಮಗೆ ಸರಿಕಂಡದ್ದನ್ನು ಅಚ್ಚು ಹಾಕುತ್ತಿದ್ದರು. ಲಿಖಿತ ವರದಿ ತರಿಸಬೇಕೆಂಬ ಸಲಹೆ ಬಂದದ್ದು 1831ರಲ್ಲಿ, ವಿಲಿಯಂ ಹ್ಯೂವೆಲ್ ಅವರಿಂದ. ಮೊದಲ ವರದಿಗೆ ಅವರೂ ಜಾನ್ ಲಬಕ್ ಅವರೂ ಜೊತೆಯಾಗಿ ಕುಳಿತರು, ಖಗೋಳವಿಜ್ಞಾನಿ ಜಾರ್ಜ್ ಏರಿ ಅವರ ಪ್ರಬಂಧದ ಮೇಲೆ. ಒಬ್ಬರಿಗೆ ಅದರ ಮಹತ್ವವನ್ನು ಲೋಕಕ್ಕೆ ಹೇಳಬೇಕಿತ್ತು, ಇನ್ನೊಬ್ಬರಿಗೆ ದೋಷ ತಿದ್ದಬೇಕಿತ್ತು. ಒಮ್ಮತವಾಗಲಿಲ್ಲ. ಎರಡನೆಯ ರೆಫರಿ ಹುಟ್ಟಿದ್ದು ಅಂದೇ ಇರಬೇಕು!

ಐನ್‌ಸ್ಟೈನ್‌ಗೂ ಇದು ಹೊಸದಾಗಿತ್ತು. 1936ರಲ್ಲಿ ಅವರೂ ನೇಥನ್ ರೋಸೆನ್ ಅವರೂ ಸೇರಿ ಗುರುತ್ವದ ಅಲೆಗಳು ಇರಲಾರವು ಎಂದು ವಾದಿಸುವ ಪ್ರಬಂಧವನ್ನು ಅಮೆರಿಕದ ಫಿಸಿಕಲ್ ರಿವ್ಯೂ ಪತ್ರಿಕೆಗೆ ಕಳುಹಿಸಿದರು. ಸಂಪಾದಕ ಜಾನ್ ಟೇಟ್ ಅದನ್ನು ರೆಫರಿಗೆ ಕೊಟ್ಟರು, ರೆಫರಿ ತಪ್ಪು ಹಿಡಿದರು. ಅಚ್ಚಾಗುವ ಮುನ್ನ ಬೇರೆಯವರಿಗೆ ತೋರಿಸಲು ನಿಮಗೆ ಹೇಳಿದವರಾರು ಎಂದು ಸಿಟ್ಟಾಗಿ ಐನ್‌ಸ್ಟೈನ್ ಪ್ರಬಂಧ ಹಿಂಪಡೆದರು. ಆ ರೆಫರಿ ಎಚ್.ಪಿ. ರಾಬರ್ಟ್‌ಸನ್. ಅವರೇ ಮುಂದೆ ಐನ್‌ಸ್ಟೈನರ ಸಹಾಯಕರ ಮೂಲಕ ಮೆಲ್ಲಗೆ ವಿಷಯ ದಾಟಿಸಿದರು. ಮರುವರ್ಷ ಬೇರೆ ಪತ್ರಿಕೆಯಲ್ಲಿ ಅದೇ ಪ್ರಬಂಧ ಬಂದಾಗ ತೀರ್ಮಾನ ಬದಲಾಗಿತ್ತು. 2015ರಲ್ಲಿ ಲೈಗೋ ಉಪಕರಣಗಳಿಗೆ ಆ ಅಲೆಗಳು ಸಿಕ್ಕವು. ಅವು ಹೇಗೆ ಕಾಣಬೇಕೆಂಬ ಲೆಕ್ಕಾಚಾರದಲ್ಲಿ ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ವರ್ಷಗಟ್ಟಲೆ ನಡೆದ ಕೆಲಸದ ಪಾಲೂ ಇದೆ. ನೇಚರ್ ಪತ್ರಿಕೆ ಹೊರಗಿನ ವಿಮರ್ಶೆಯನ್ನು ಕಡ್ಡಾಯ ಮಾಡಿದ್ದು 1973ರಲ್ಲಿ. ಡಿಎನ್‌ಎ ಎರಡೆಳೆಯ ಸುರುಳಿ ಎಂದು ಹೇಳಿದ 1953ರ ಪ್ರಬಂಧವನ್ನು ಯಾವ ರೆಫರಿಯೂ ನೋಡಿರಲಿಲ್ಲ.

ರೆಫರಿಗಳು ಎಷ್ಟು ನಂಬಿಕಸ್ಥರು? ನಮ್ಮವರ ಮಾನದ ಪ್ರಶ್ನೆ, ಆದರೂ ಹೇಳಬೇಕು. ಬ್ರಿಟಿಷ್ ಮೆಡಿಕಲ್ ಜರ್ನಲ್‌ನವರು ಒಂದು ಪ್ರಬಂಧದಲ್ಲಿ ಬೇಕೆಂದೇ ಎಂಟು ದೋಷಗಳನ್ನು ಸೇರಿಸಿ 420 ರೆಫರಿಗಳಿಗೆ ಕಳುಹಿಸಿದರು. 221 ಮಂದಿ ವರದಿ ಕೊಟ್ಟರು. ಸರಾಸರಿ ಒಬ್ಬೊಬ್ಬರು ಹಿಡಿದದ್ದು ಎರಡು ದೋಷ. 1998ರಲ್ಲಿ ಪ್ರಕಟವಾದ ಫಲಿತಾಂಶ ಇದು. ಕೃತಕ ಬುದ್ಧಿಮತ್ತೆಯ ದೊಡ್ಡ ಸಮ್ಮೇಳನ ನ್ಯೂರಿಪ್ಸ್ 2014ರಲ್ಲಿ ತನ್ನ ಪ್ರಬಂಧಗಳ ಹತ್ತನೆಯ ಒಂದು ಪಾಲನ್ನು ಎರಡು ಪ್ರತ್ಯೇಕ ಸಮಿತಿಗಳಿಗೆ ಕೊಟ್ಟು ನೋಡಿತು. ಸುಮಾರು ಕಾಲುಭಾಗ ಪ್ರಬಂಧಗಳಲ್ಲಿ ತೀರ್ಪು ಭಿನ್ನ. ಒಂದು ಸಮಿತಿ ಆರಿಸಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇನ್ನೊಂದು ಕೈಬಿಟ್ಟಿತ್ತು. ತೀರ ಕಳಪೆಯನ್ನು ಎಲ್ಲರೂ ಗುರುತಿಸುತ್ತಾರೆ, ನಡುವಿನ ರಾಶಿಯಲ್ಲಿ ಅದೃಷ್ಟದ ಪಾಲು ದೊಡ್ಡದು. ಬೆಳ್ಳಂದೂರು, ವೈಟ್‌ಫೀಲ್ಡ್ ಕಡೆಯ ಎಂಜಿನಿಯರುಗಳು ಇದನ್ನು ಕೇಳಿ ನಗುತ್ತಾರೆ. ಸಹೋದ್ಯೋಗಿಯ ಕೋಡ್ ಪರಿಶೀಲಿಸುವುದು ಅವರ ದಿನಚರಿ. ಹತ್ತು ಸಾಲು ಕೊಟ್ಟರೆ ಹತ್ತು ಆಕ್ಷೇಪ, ಸಾವಿರ ಸಾಲು ಕೊಟ್ಟರೆ ‘ಎಲ್‌ಜಿಟಿಎಂ’, ಅಂದರೆ ನೋಡಲು ಚೆನ್ನಾಗಿದೆ, ಎಂಬ ನಾಲ್ಕಕ್ಷರ. ದಣಿವು ಎಲ್ಲ ಕಸುಬಿನಲ್ಲೂ ಒಂದೇ.

ಹೆಸರಿನ ಭಾರ ಇನ್ನೊಂದು ತೊಡಕು. 1982ರಲ್ಲಿ ಪೀಟರ್ಸ್ ಮತ್ತು ಸೆಸಿ ಎಂಬ ಇಬ್ಬರು ಮನೋವಿಜ್ಞಾನಿಗಳು ಒಂದು ಕಿತಾಪತಿಯ ವರದಿ ಕೊಟ್ಟರು. ಹೆಸರಾಂತ ಸಂಸ್ಥೆಗಳವರು ಆಗಲೇ ಪ್ರಕಟಿಸಿದ್ದ ಹನ್ನೆರಡು ಪ್ರಬಂಧಗಳನ್ನು ಕಲ್ಪಿತ ಹೆಸರು, ಕಲ್ಪಿತ ಸಂಸ್ಥೆ ಹಾಕಿ ಅವೇ ಪತ್ರಿಕೆಗಳಿಗೆ ಮತ್ತೆ ಕಳುಹಿಸಿದ್ದರು. ಮೂರನ್ನು ಮಾತ್ರ ಗುರುತಿಸಿದರು. ಉಳಿದ ಒಂಬತ್ತರಲ್ಲಿ ಎಂಟು ತಿರಸ್ಕೃತ, ಅದೂ ಬಹುಪಾಲು ವಿಧಾನದಲ್ಲೇ ದೋಷವಿದೆ ಎಂಬ ಕಾರಣಕ್ಕೆ. ಸಣ್ಣ ಊರಿನ ಕಾಲೇಜಿನ ವಿಳಾಸ ಹೊತ್ತ ಪ್ರಬಂಧ ಕೈಗೆ ಬಂದಾಗ ನನ್ನ ಹುಬ್ಬು ಏರುವುದಿಲ್ಲ ಎಂದು ಎದೆ ಮುಟ್ಟಿಕೊಂಡು ಹೇಳಲಾರೆ. ವಿಳಾಸದ ಪುಟವನ್ನು ಮಡಚಿಟ್ಟು ಓದುವ ಅಭ್ಯಾಸ ಮಾಡಿಕೊಂಡಿದ್ದೇನೆ, ಅದು ಪೂರ್ತಿ ಮದ್ದಲ್ಲ.

ತಪ್ಪನ್ನು ಹಿಡಿಯುವುದಕ್ಕಿಂತ ಹೆಚ್ಚುಗಾರಿಕೆಯನ್ನು ಗುರುತಿಸುವುದು ಕಷ್ಟ. ಎಸ್. ಪಂಚರತ್ನಂ 1956ರಲ್ಲಿ, 22ನೆಯ ವಯಸ್ಸಿನಲ್ಲಿ, ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದುಕೊಂಡು ಧ್ರುವೀಕರಿಸಿದ, ಅಂದರೆ ಗೊತ್ತಾದ ಒಂದೇ ಬಗೆಯಲ್ಲಿ ಕಂಪಿಸುವ, ಬೆಳಕಿನ ಬಗ್ಗೆ ಒಂದು ಪ್ರಬಂಧ ಬರೆದರು. ಸರ್ ಸಿ.ವಿ. ರಾಮನ್ ಸಲ್ಲಿಸಿದ್ದು ಎಂಬ ಒಕ್ಕಣೆಯೊಡನೆ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅದು ಬಂತು. ಅಕಾಡೆಮಿಯನ್ನು ರಾಮನ್ 1934ರಲ್ಲಿ ಕಟ್ಟಿದ್ದರು. ಗಣ್ಯ ಸದಸ್ಯರೊಬ್ಬರು ಸಲ್ಲಿಸಿದರೆ ಅದೇ ಅರ್ಹತೆಯ ಮುದ್ರೆ ಎಂಬ ಕಾಲ ಅದು. ಪಂಚರತ್ನಂ ರಾಮನ್ನರ ಸೋದರಿಯ ಮಗ ಬೇರೆ. ಹಿತಾಸಕ್ತಿ ಸಂಘರ್ಷ ಎಂದು ಇಂದಿನವರು ಹೌಹಾರುತ್ತಾರೆ. ಪ್ರಬಂಧ ಮಾತ್ರ ಅಪ್ಪಟ ಚಿನ್ನ. ಬೆಳಕು ಧ್ರುವೀಕರಣದ ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬಂದರೂ ಸುತ್ತಿದ ದಾರಿಯ ಗುರುತನ್ನು ತನ್ನ ಹಂತದಲ್ಲಿ, ಅಂದರೆ ಅಲೆಯ ಏರಿಳಿತದ ಸ್ಥಾನದಲ್ಲಿ, ಉಳಿಸಿಕೊಂಡಿರುತ್ತದೆ ಎಂದು ಅವರು ತೋರಿಸಿದ್ದರು. ಸುಮಾರು ಮೂವತ್ತು ವರ್ಷ ಯಾರೂ ಅತ್ತ ತಿರುಗಲಿಲ್ಲ. 1984ರಲ್ಲಿ ಬ್ರಿಟನ್ನಿನ ಮೈಕೆಲ್ ಬೆರಿ ಕ್ವಾಂಟಂ ಲೋಕದಲ್ಲಿ ಇಂಥದೇ ಹಂತವನ್ನು ಕಂಡು ಹೆಸರಾದರು. ಪಂಚರತ್ನಂ ಕೆಲಸ ಅದಕ್ಕೆ ಮುಂಚಿನ ಉದಾಹರಣೆ ಎಂದು ಬೆಂಗಳೂರಿನ ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ ಇಲ್ಲಿಯದೇ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ 1986ರಲ್ಲಿ ಬರೆದರು. ಬೆರಿ ಅದನ್ನು ಒಪ್ಪಿದ್ದಷ್ಟೇ ಅಲ್ಲ, ಮರುವರ್ಷ ಪಂಚರತ್ನಂ ಅವರ ಕೆಲಸದ ಮೇಲೆ ತಾವೇ ಒಂದು ಪ್ರಬಂಧ ಬರೆದರು. ಇಂದು ಅದು ಪಂಚರತ್ನಂ–ಬೆರಿ ಹಂತ. ಅಷ್ಟರಲ್ಲಿ ಪಂಚರತ್ನಂ ತೀರಿಕೊಂಡು ವರ್ಷಗಳೇ ಕಳೆದಿದ್ದವು, 1969ರಲ್ಲಿ, 35ರ ಪ್ರಾಯದಲ್ಲಿ. 1956ರಲ್ಲಿ ಆ ಪ್ರಬಂಧ ನನ್ನಂಥವಳ ಮೇಜಿಗೆ ಬಂದಿದ್ದರೆ ‘ಲೆಕ್ಕ ಸರಿಯಿದೆ, ಆಸಕ್ತರು ಕಡಿಮೆ’ ಎಂದು ಬರೆಯುತ್ತಿದ್ದೆನೋ ಏನೋ.

ಲೆಕ್ಕ ಹಾಕುವ ಕೆಲಸವನ್ನು ಓದುವ ಕೆಲಸದ ಜಾಗದಲ್ಲಿ ಕೂರಿಸಿದ್ದು ನಮ್ಮ ಕಾಲದ ಎಡವಟ್ಟು. ಬಡ್ತಿಗೆ ಇಷ್ಟು ಪ್ರಬಂಧ ಎಂಬ ನಿಯಮ ಬಂದ ಮೇಲೆ ಕಾಸು ಕೊಟ್ಟರೆ ಅಚ್ಚು ಹಾಕುವ ಪತ್ರಿಕೆಗಳು ಅಣಬೆಯಂತೆ ಎದ್ದವು, ವಿಮರ್ಶೆ ಹೆಸರಿಗೆ ಮಾತ್ರ. ಜಾನ್ ಬೊಹಾನನ್ ಎಂಬ ಪತ್ರಕರ್ತ 2013ರಲ್ಲಿ ಢಾಳಾದ ತಪ್ಪುಗಳಿದ್ದ ನಕಲಿ ಪ್ರಬಂಧವನ್ನು 304 ಮುಕ್ತ ಪತ್ರಿಕೆಗಳಿಗೆ ಕಳುಹಿಸಿದಾಗ 157 ಅದನ್ನು ಒಪ್ಪಿಕೊಂಡವು. ವಿಶ್ವವಿದ್ಯಾಲಯಗಳ ಮೇಲುಸ್ತುವಾರಿಯ ಯುಜಿಸಿ 2018ರ ಮೇ ತಿಂಗಳಲ್ಲಿ ತನ್ನದೇ ಅನುಮೋದಿತ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಿತು, ಆಮೇಲೆ ಕೇರ್ ಎಂಬ ಹೊಸ ಪಟ್ಟಿ ತಂದಿತು, 2025ರಲ್ಲಿ ಅದನ್ನೂ ಕೈಬಿಟ್ಟಿತು. ಪಟ್ಟಿ ನೋಡಿ ಗುಣ ಹೇಳುವುದು ಜಾತಕ ನೋಡಿ ಸಂಸಾರದ ಗತಿ ಹೇಳಿದಂತೆ. 2023ರಲ್ಲಿ ಜಗತ್ತಿನಾದ್ಯಂತ ಹಿಂಪಡೆದ ಪ್ರಬಂಧಗಳು ಹತ್ತು ಸಾವಿರ ದಾಟಿದವು. ವಂಚನೆಯ ಎದುರು ರೆಫರಿ ದುರ್ಬಲ. ಲೇಖಕರು ಅಳೆದದ್ದನ್ನೇ ಬರೆದಿದ್ದಾರೆ ಎಂದು ನಂಬಿಯೇ ನಾವು ಓದಲು ಕೂರುವುದು, ಪೊಲೀಸರ ಹಾಗಲ್ಲ.

ಕೆರೆಯ ಪ್ರಬಂಧಕ್ಕೆ ನಾನು ದೊಡ್ಡ ತಿದ್ದುಪಡಿ ಎಂದು ಬರೆದೆ. ಮೊದಲನೆಯ ರೆಫರಿಯದು ಮೂರೇ ಸಾಲು: ಉತ್ತಮ ಕೆಲಸ, ಸಕಾಲಿಕ, ಪ್ರಕಟಿಸಬಹುದು. ಸಂಪಾದಕರು ನನ್ನ ಮಾತು ಹಿಡಿದರು. ಪ್ರಬಂಧ ಮರಳಿ ಬರಲು ಒಂದೂಕಾಲು ವರ್ಷ ಹಿಡಿಯಿತು. ಗಿಡವಿಲ್ಲದ ಭಾಗವನ್ನು ಪರದೆ ಕಟ್ಟಿ ಬೇರ್ಪಡಿಸಿದ್ದರು, ವರ್ಷವಿಡೀ ಆರು ಜಾಗಗಳಿಂದ ನೀರು ತಂದಿದ್ದರು, ಬಾಟಲಿ ತೊಳೆದ ಕ್ರಮವನ್ನು ಎರಡು ಸಾಲಿನಲ್ಲಿ ಬರೆದಿದ್ದರು. ಶೇಕಡಾ 60 ಇದ್ದದ್ದು 18ಕ್ಕೆ ಇಳಿದಿತ್ತು, ಅದೂ ಬೇಸಿಗೆಯಲ್ಲಿ ಮಾತ್ರ. ಶೀರ್ಷಿಕೆಯಲ್ಲಿದ್ದ ‘ಶುದ್ಧೀಕರಣ’ ಹೋಗಿ ‘ಋತುಮಾನದ ಪರಿಣಾಮ’ ಬಂದಿತ್ತು. ಒಪ್ಪಬಹುದು ಎಂದು ಬರೆದೆ.

ಪ್ರಕಟವಾದ ವಾರ ಭಾವ ವಾಟ್ಸ್‌ಆಪ್‌ನಲ್ಲಿ ಒಂದು ಸುದ್ದಿಯ ತುಣುಕು ಕಳುಹಿಸಿದರು: ‘ಕೆರೆಗಳ ಶುದ್ಧಿಗೆ ಕೊನೆಗೂ ಸಿಕ್ಕಿತು ರಾಮಬಾಣ’. ಕೆಳಗೆ, ಇದು ನಿನ್ನ ಕ್ಷೇತ್ರದ್ದೇ ಅಲ್ಲವೇನಮ್ಮ, ನೀನೂ ಇಂಥದ್ದೇನಾದರೂ ಕಂಡುಹಿಡಿಯಬಾರದೇ ಎಂದು ಕೇಳಿದ್ದರು. ಪ್ರಯತ್ನಿಸುತ್ತೇನೆ ಭಾವ ಎಂದು ಉತ್ತರಿಸಿದೆ.